ನಲ್ಲಪ್ಪನ ಗಂಟೆ, ಮುನೇಶ್ವರನ ಪಾಲು

ನಲ್ಲಪ್ಪ ಬಾಯಿಗೆ ಒಂದು ತೊಟ್ಟು ಮದ್ಯ ಬಿಟ್ಟುಕೊಳ್ಳುವವನಲ್ಲ. ಆದರೂ ಅತ್ತಿಬೆಲೆಯಿಂದ ಸರ್ಜಾಪುರದ ಕಡೆಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಯಾವಾಗಲೂ ಖಾಲಿ. ಹೆಂಗಸರು ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ಸರಿಯುತ್ತಿದ್ದರು. ಗಂಡಸರು ಸ್ವಲ್ಪ ಹತ್ತಿರವೇ ಬಂದು, ಉಸಿರೆಳೆದು, ಇದು ಯಾವ ಬ್ರಾಂಡು ಎಂದು ಯೋಚಿಸುವವರಂತೆ ನಿಲ್ಲುತ್ತಿದ್ದರು. ಒಮ್ಮೆ ಕಂಡಕ್ಟರ್ ಕೇಳಿಯೇಬಿಟ್ಟ.

"ಏನಣ್ಣ, ದಿನಾ ಇಷ್ಟೊಂದು ಹಾಕ್ಕೊಂಡೂ ನೆಟ್ಟಗೆ ನಿಂತಿರ್ತೀಯಲ್ಲ, ಹೆಂಗೆ?"

"ನಾನ್ ಹಾಕ್ಕಳಲ್ಲ ಸಾಮಿ. ಹಾಕ್ಕಳಾದು ಪೀಪಾಯಿ. ನಾನು ಅದನ್ನ ಉಳ್ಳುಸ್ತೀನಿ ಅಷ್ಟೇ."

ಅವನು ಹೇಳಿದ್ದು ನಿಜ. ಅವನ ಕೆಲಸ ಊರಿನಿಂದ ಎರಡು ಸ್ಟಾಪು ಆಚೆಗಿನ ವಿಸ್ಕಿ ಕಾರ್ಖಾನೆಯ ಗೋಡೌನಿನಲ್ಲಿ, ಮರದ ಪೀಪಾಯಿಗಳನ್ನು ಉರುಳಿಸಿ ಸಾಲಾಗಿ ಮಲಗಿಸುವುದು. ಪೀಪಾಯಿಯ ಮರ ಉಸಿರಾಡುತ್ತದೆ. ಆ ಉಸಿರು ಅಂಗಿಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತಿಕೊಳ್ಳುತ್ತದೆ. ಮನೆಗೆ ಬಂದರೆ ಹೆಂಡತಿ ಬೈರಮ್ಮ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ತಲೆಯ ಮೇಲೆ ನೀರು ಸುರಿದೇ ಒಳಗೆ ಕರೆಯುತ್ತಿದ್ದಳು.

"ಊರೋರ ಗಂಡಂದ್ರು ಕಾಸು ಕೊಟ್ಟು ನಾರ್ತಾರೆ. ನಂದು ಸಂಬಳ ಇಸ್ಕಂಡು ನಾರ್ತೈತೆ," ಎಂದು ಅವಳು ಬೇಲಿಯಾಚೆಯವರಿಗೂ ಕೇಳುವಂತೆ ಹೇಳುವಳು. ಆ ಮಾತಿನಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು.

ಕಾರ್ಖಾನೆ ಬರುವ ಮೊದಲು ಅಲ್ಲಿ ರಾಗಿ ಹೊಲಗಳಿದ್ದವು. ನಲ್ಲಪ್ಪನ ಅಪ್ಪ ಸೋಮಪ್ಪನ ಹೊಲ ಈಗ ಎರಡನೇ ಗೋಡೌನಿನ ನೆಲ. ಊರಿನವರು ಹೊಲ ಮಾರಿದರು, ದೇವರನ್ನು ಮಾರಲಿಲ್ಲ. ಹಾಗಾಗಿ ಹೊಂಗೆಮರದಡಿಯ ಮುನೇಶ್ವರ ಕಾರ್ಖಾನೆಯ ಕಾಂಪೌಂಡಿನೊಳಗೇ ಉಳಿದ. ಗೋಡೌನಿನ ಹಿಂಗೋಡೆಗೂ ಕಾಂಪೌಂಡಿನ ಗೋಡೆಗೂ ನಡುವಿನ ಸಂದಿಯಲ್ಲಿ, ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡಿನಲ್ಲಿ, ಮೊಣಕಾಲೆತ್ತರದ ಒಂದು ಉದ್ದನೆಯ ಕಲ್ಲು, ಅದೇ ಸ್ವಾಮಿ. ಊರಿನವರು ಬಂದುಹೋಗಲು ಕಾಂಪೌಂಡಿನಲ್ಲಿ ಒಂದು ಪುಟ್ಟ ಕಬ್ಬಿಣದ ಬಾಗಿಲು. ದಿನಾ ಬೆಳಿಗ್ಗೆ ನಲ್ಲಪ್ಪ ಆ ಬಾಗಿಲಿನಿಂದ ಪೂಜಾರಿಯಾಗಿ ಒಳಗೆ ಹೋಗಿ, ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಗಂಟೆ ಬಾರಿಸಿ, ಹೊರಗೆ ಬಂದು, ಸುತ್ತಿಕೊಂಡು ದೊಡ್ಡ ಗೇಟಿಗೆ ಹೋಗಿ ಕೂಲಿಯಾಗಿ ಮತ್ತೆ ಒಳಗೆ ಬರುತ್ತಿದ್ದ. ಸೆಕ್ಯುರಿಟಿಯವರ ನಿಯಮ ಹಾಗಿತ್ತು. ಪೂಜಾರಿಗೆ ಪಾಸು ಬೇಡ, ಕೂಲಿಗೆ ಬೇಕು.

ಮುನೇಶ್ವರ ಶಿವನ ಅಂಶ. ಅದರಲ್ಲಿ ಅನುಮಾನ ಪಡುವುದು ಬೇಡ. ಆದರೆ ಶಿವನಿಗೆ ಒಂದು ಬಿಲ್ವದ ದಳ ಸಾಕು, ಇವನಿಗೆ ಸಾಲದು. ಇವನಿಗೆ ಸುರುಟು ಬೇಕು, ಕೋಳಿ ಬೇಕು, ಕುಡಿಯಲು ಸಾರಾಯಿ ಬೇಕು. ಯುಗಾದಿ ಕಳೆದ ಮೊದಲ ಮಂಗಳವಾರ ಊರಿನವರೆಲ್ಲ ಸೇರಿ ಇವನಿಗೆ ಪರ ಮಾಡುತ್ತಾರೆ, ಎಂದರೆ ಮರಿ ಕಡಿದು ಅಲ್ಲೇ ಬೇಯಿಸಿ ಉಣ್ಣುವ ಹಬ್ಬ. ಅದಕ್ಕೂ ಮೊದಲು ಹೂ ಕೇಳಬೇಕು. ಪೂಜಾರಿ ಸಾರಾಯಿಯನ್ನು ಕಲ್ಲಿನ ಮೇಲೆ ಸುರಿದು, ಒದ್ದೆ ಕಲ್ಲಿನ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂ ಅಂಟಿಸಿ, ಗಂಟೆ ಹಿಡಿದು ನಿಲ್ಲುತ್ತಾನೆ. ಬಲಗಡೆ ಹೂ ಜಾರಿದರೆ ಸ್ವಾಮಿ ಒಪ್ಪಿದ, ಮರಿ ಕಡಿಯಬಹುದು. ಎಡಗಡೆ ಜಾರಿದರೆ ಏನೋ ತಪ್ಪಾಗಿದೆ, ತಪ್ಪುಕಾಣಿಕೆ ಕಟ್ಟಿ ಮತ್ತೆ ಕೇಳಬೇಕು. ಯಾವುದೂ ಬೀಳದಿದ್ದರೆ ಊಟವಿಲ್ಲ. ಆಗ ಇನ್ನೊಂದು ಕಟ್ಟಳೆ: ಸ್ವಾಮಿ ಒಪ್ಪದೆ ಬಿಟ್ಟದ್ದನ್ನು ಯಾರೂ ತೊಳೆಯುವಂತಿಲ್ಲ. ಒಪ್ಪುವ ತನಕ ಅದು ಅವನ ಮೈಮೇಲೇ ಇರಬೇಕು.

ಉಳಿದ ಸಾರಾಯಿ ತೀರ್ಥ. ಅದನ್ನು ಮೊದಲು ಪೂಜಾರಿ ತೆಗೆದುಕೊಳ್ಳಬೇಕು. ಇಲ್ಲೇ ನಲ್ಲಪ್ಪನಿಗೆ ತೊಡಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಸೋಮಪ್ಪ ಮೊದಲ ಸಲ ಅಂಗೈಗೆ ತೀರ್ಥ ಬಿಟ್ಟಾಗ, ಅವನು ನುಂಗಿದಷ್ಟೇ ವೇಗದಲ್ಲಿ ಅದನ್ನು ಸ್ವಾಮಿಯ ಪಾದಕ್ಕೇ ವಾಂತಿ ಮಾಡಿದ್ದ. ಊರೆಲ್ಲ ನಕ್ಕಿತು. ಸೋಮಪ್ಪ ಮಾತ್ರ ದೇವರಿಗೆ ಕೈಮುಗಿದು, "ನಿನ್ನ ಪಾಲು ನಿನಗೇ ಕೊಟ್ಟವ್ನೆ ಕಣಪ್ಪ, ಬೇಜಾರು ಮಾಡ್ಕಬೇಡ," ಎಂದ. ಅಂದಿನಿಂದ ನಲ್ಲಪ್ಪ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಪಕ್ಕದವನಿಗೆ ಕೊಡುತ್ತಿದ್ದ. ಪಕ್ಕದವರು ಯಾರೂ ಇದಕ್ಕೆ ತಕರಾರು ಮಾಡಿದ್ದಿಲ್ಲ.

ಹೀಗಿರುವಾಗ ಎರಡು ಸಾವಿರದ ಏಳನೇ ಇಸವಿಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಹೆಂಗಸರು ಸಂತೋಷಪಟ್ಟರು, ಬೈರಮ್ಮನೂ ಪಟ್ಟಳು. ಮುನೇಶ್ವರನನ್ನು ಯಾರೂ ಕೇಳಲಿಲ್ಲ.

ಮುಂದಿನ ಪರಕ್ಕೆ ಸ್ವಾಮಿಗೆ ಏನು ಕೊಡುವುದು ಎಂದು ಊರು ತಲೆ ಕೆರೆದುಕೊಳ್ಳುತ್ತಿದ್ದಾಗ ಮುಂದೆ ಬಂದವನು ಮುನಿರಾಜು. ನಲ್ಲಪ್ಪನ ಚಿಕ್ಕಪ್ಪನ ಮಗ. ಹೊಲ ಮಾರಿದ ಹಣದಲ್ಲಿ ಅತ್ತಿಬೆಲೆಯ ಹೆದ್ದಾರಿಯ ಪಕ್ಕ ವೈನ್ ಶಾಪ್ ಇಟ್ಟು, ಬೆರಳಿಗೊಂದು ಉಂಗುರ ಹಾಕಿಕೊಂಡು ಓಡಾಡುತ್ತಿದ್ದವನು. ಅವನ ಅಂಗಡಿಯಲ್ಲಿ ಅಗ್ಗದ ಸಿಹಿ ವೈನು ಪೆಟ್ಟಿಗೆಗಟ್ಟಲೆ ಮಾರಾಟವಾಗದೆ ಕೂತಿತ್ತು.

"ಅಣ್ಣ, ಇದು ಹಣ್ಣಿಂದು. ಮರ್ಯಾದಸ್ಥರ ಐಟಂ," ಎಂದು ಒಂದು ಪೆಟ್ಟಿಗೆ ತಂದು ಇಳಿಸಿದ. "ಸ್ವಾಮಿನೂ ಸ್ವಲ್ಪ ಡೀಸೆಂಟ್ ಆಗ್ಲಿ ಗುರು. ಎಷ್ಟು ದಿನಾ ಅಂತ ಪ್ಯಾಕೆಟ್ ಹೊಡ್ಕೊಂಡಿರ್ತಾನೆ?"

ನಲ್ಲಪ್ಪ ಸುರಿದ. ಬೆಲ್ಲದ ಪಾಕದಂತೆ ಕೆಂಪಗೆ, ನಿಧಾನವಾಗಿ ಇಳಿಯಿತು. ಹೂ ಅಂಟಿಸಿ ಗಂಟೆ ಹಿಡಿದು ನಿಂತ. ಬಿಸಿಲು ಏರಿತು. ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿತು. ರುಬ್ಬಿದ ಮಸಾಲೆಗೆ ನೊಣ ಮುತ್ತಿದವು. ಕಟ್ಟಿಹಾಕಿದ ಮರಿಗಳು ತಮ್ಮ ಪಾಡಿಗೆ ಹೊಂಗೆಸೊಪ್ಪು ಮೂಸುತ್ತಿದ್ದವು. ಹೂ ಎರಡೂ ಮೊಳೆ ಹೊಡೆದಂತೆ ಇದ್ದವು. ಸಂಜೆ ಊರಿಗೆ ಊರೇ ಉಪ್ಪಿಟ್ಟು ತಿಂದು ಮಲಗಿತು.

ಮರುವರ್ಷವೂ ಅದೇ ವೈನು, ಅದೇ ಕಥೆ. ಈ ಸಲ ಸ್ವಾಮಿಯ ಮೈಮೇಲೆ ಹಿಂದಿನ ವರ್ಷದ್ದರ ಮೇಲೆ ಈ ವರ್ಷದ್ದು ಕೂತು, ಅದರ ಮೇಲೆ ದೀಪದೆಣ್ಣೆ, ಕುಂಕುಮ, ಸಾಂಬ್ರಾಣಿಯ ಮಸಿ ಎಲ್ಲ ಸೇರಿ ಕಲ್ಲು ಕರ್ರಗೆ ಹೊಳೆಯುತ್ತಿತ್ತು. ಇರುವೆಗಳಿಗೆ ಮಾತ್ರ ಸ್ವಾಮಿಯ ಮೇಲೆ ವಿಪರೀತ ಭಕ್ತಿ ಬಂದಿತ್ತು. ಅಂದು ಮುನಿರಾಜು ಎಲ್ಲರೆದುರು ಎದ್ದುನಿಂತ.

"ಮಾಲಲ್ಲಿ ತಪ್ಪಿಲ್ಲ ಕಣ್ರೋ. ಕೈಯಲ್ಲಿ ತಪ್ಪೈತೆ. ತೀರ್ಥ ಬಾಯಿಗೆ ಬಿಟ್ಕೊಳ್ಳದ ಪೂಜಾರಿ ಎಲ್ಲಾದ್ರೂ ಉಂಟಾ? ಅದಕ್ಕೇ ಸ್ವಾಮಿ ಮುನಿಸ್ಕೊಂಡವ್ನೆ. ಕೈ ಬದಲಾಗ್ಬೇಕು."

ಹಸಿದ ಹೊಟ್ಟೆಗಳಿಗೆ ಇದು ಸರಿ ಎನಿಸಿತು. ಇಂಥ ವಿಷಯದಲ್ಲಿ ಕೊನೆಯ ಮಾತು ಮುನಿಯಕ್ಕನದು. ಊರಿಗೆಲ್ಲ ಹಿರಿಯಳು, ಹಲ್ಲು ಹೋಗಿ ಎಷ್ಟೋ ಕಾಲವಾಗಿದ್ದರೂ ಪರದ ಊಟದಲ್ಲಿ ಮೂಳೆ ಚೀಪುವುದನ್ನು ಬಿಟ್ಟವಳಲ್ಲ. ಅವಳು ಕೋಲು ಊರಿ ಹೇಳಿದಳು: "ಮುಂದಿನ್ ಪರಕ್ಕೂ ಸಾಮಿ ಊ ಕೊಡ್ದಿದ್ರೆ ಗಂಟೆ ಮುನಿರಾಜನ ಕೈಗೆ. ಅಷ್ಟೇ ಮಾತು."

ನಲ್ಲಪ್ಪ ಮನೆಗೆ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂತ. ಹೊಲ ಹೋಗಿತ್ತು. ಅಪ್ಪ ಉತ್ತ ನೆಲದ ಮೇಲೆ ಅವನು ಈಗ ಯಾರದೋ ಪೀಪಾಯಿ ಉರುಳಿಸುತ್ತಿದ್ದ. ಊರು ಅವನನ್ನು ಪೀಪಾಯಿ ನಲ್ಲ ಎಂದೇ ಕರೆಯುತ್ತಿತ್ತು. ಗಂಟೆ ಹಿಡಿದಾಗ ಮಾತ್ರ 'ಪೂಜಾರಪ್ಪ'. ಆ ಗಂಟೆಯೂ ಹೋದರೆ ಉಳಿಯುವುದು ಪೀಪಾಯಿ ಒಂದೇ.

ಬೈರಮ್ಮ ತಲೆಯ ಮೇಲೆ ನೀರು ಸುರಿಯುತ್ತ, "ಇಗಾ ನೋಡು, ದೇವ್ರಿಗೆ ಕೋಪ ಅಲ್ಲ. ಆ ಮುನಿರಾಜನ ಅಂಗ್ಡಿ ವೈನು ನಾನೇ ಕುಡಿಯಾಕಿಲ್ಲ, ಅವನ್ಯಾಕೆ ಕುಡೀತಾನೆ?" ಎಂದಳು. ಅವಳು ಯಾವಾಗ ರುಚಿ ನೋಡಿದ್ದಳು ಎಂದು ಕೇಳುವ ಸ್ಥಿತಿಯಲ್ಲಿ ನಲ್ಲಪ್ಪ ಇರಲಿಲ್ಲ.

ಆ ವರ್ಷ ಗೋಡೌನಿಗೆ ಸ್ಪೇನ್ ದೇಶದಿಂದ ಹೊಸ ಥರದ ಪೀಪಾಯಿಗಳು ಬಂದವು. ಖಾಲಿ ಪೀಪಾಯಿಗಳೇ, ಆದರೆ ಒಳಗೆ ಎಷ್ಟೋ ವರ್ಷ ಸಿಹಿ ವೈನು ಮಲಗಿತ್ತಂತೆ. ಬಿರಡೆ ತೆಗೆದರೆ ಹಬ್ಬದ ಮನೆಯ ವಾಸನೆ. ವೈನು ಎಂಬ ಹೆಸರು ಕೇಳಿದ್ದೇ ನಲ್ಲಪ್ಪನಿಗೆ ಮೈ ಉರಿಯಿತು.

"ಮೇಡಂ, ಈ ವೈನಿನ ಸಾವಾಸ ನಮಗೆ ಬ್ಯಾಡ. ನಮ್ ಸಾಮಿಗೆ ಅದಾಗಾಕಿಲ್ಲ," ಎಂದ.

ಶ್ರೀರಂಜನಿ ನಕ್ಕಳು. ಅವಳು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದವಳು. ದೂರವಾಣಿನಗರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಅವಳ ತಾಯಿ ಸತ್ಯವತಿ ನೆಂಟರಿಷ್ಟರಿಗೆ, ಮಗಳು ಆಹಾರ ಪರೀಕ್ಷೆಯ ಕೆಲಸದಲ್ಲಿದ್ದಾಳೆ ಎಂದು ಹೇಳುತ್ತಿದ್ದರು. ಅವಳು ವಿಸ್ಕಿಯನ್ನು ಮೂಸಿ, ಬಾಯಿಗೆ ಹಾಕಿ, ಮುಕ್ಕಳಿಸಿ ಉಗಿಯುತ್ತಿದ್ದಳು. ಇಡೀ ಕಾರ್ಖಾನೆಯಲ್ಲಿ ಕುಡಿಯದೆ ಇದ್ದವರು ಅವಳು ಮತ್ತು ನಲ್ಲಪ್ಪ ಇಬ್ಬರೇ, ಹಾಗಾಗಿ ಇಬ್ಬರಿಗೂ ಮಾತು ಕೂಡುತ್ತಿತ್ತು.

"ಇದರಲ್ಲಿ ವೈನ್ ಇಲ್ಲ ನಲ್ಲಪ್ಪ ಅವ್ರೇ, ಅದರ ನೆನಪು ಮಾತ್ರ ಇದೆ. ಆ ಮೂಲೇಲಿರೋ ಹೊಗೆ ವಿಸ್ಕಿನ ಇದಕ್ಕೆ ತುಂಬಿಸ್ತೀವಿ, ಕೊನೇ ಕೆಲವು ತಿಂಗಳು."

ಹೊಗೆ ವಿಸ್ಕಿ ನಲ್ಲಪ್ಪನಿಗೆ ಗೊತ್ತಿತ್ತು. ಪರದೇಶದಲ್ಲಿ ಪೀಟ್ ಎಂಬ ಜೌಗುನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು, ಬೆರಣಿಯಂತೆ ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸುತ್ತಾರೆ. ಆ ಬಾರ್ಲಿಯಿಂದ ಇಳಿಸಿದ್ದನ್ನು ಇಲ್ಲಿ ನಾಲ್ಕು ವರ್ಷದಿಂದ ಪೀಪಾಯಿಯಲ್ಲಿ ಮಲಗಿಸಿದ್ದರು. ಆ ಸಾಲಿನ ಹತ್ತಿರ ಹೋದರೆ ಸರ್ಕಾರಿ ಆಸ್ಪತ್ರೆಯಲ್ಲಿ ಯಾರೋ ಕಂಬಳಿ ಸುಟ್ಟಂತೆ ವಾಸನೆ. ಉಳಿದ ಕೂಲಿಯವರು ಆ ಮೂಲೆಗೆ ಹೋಗಲು ಹಿಂಜರಿದು ನಲ್ಲಪ್ಪನನ್ನೇ ಕಳಿಸುತ್ತಿದ್ದರು.

ಅವನೇ ಅದನ್ನು ಹೊಸ ಪೀಪಾಯಿಗಳಿಗೆ ತುಂಬಿಸಿದ. ಕೆಲವು ತಿಂಗಳು ಕಳೆದು ಶ್ರೀರಂಜನಿ ಬಿರಡೆ ತೆಗೆಸಿ, ಗಾಜಿನ ಕೊಳವೆಯಲ್ಲಿ ಸ್ವಲ್ಪ ಎಳೆದು ಮೂಸಿದಳು.

"ಮೊದಲು ಹೊಗೆ ಬರುತ್ತೆ, ಹಿಂದೇನೇ ಒಣದ್ರಾಕ್ಷಿ. ನೋಡಿ ನೀವೂ."

ನಲ್ಲಪ್ಪ ಮೂಗು ಹತ್ತಿರ ತಂದ. "ಸುಡುಗಾಡಲ್ಲಿ ಕುಂತ್ಕಂಡು ಕಜ್ಜಾಯ ತಿಂದಂಗೈತೆ," ಎಂದ. ಹಾಗೆಂದವನು ಮತ್ತೆ ಮೂಸಿದ. ಅಪ್ಪನ ಸುರುಟಿನ ಹೊಗೆ, ಒಡೆದ ಸಾರಾಯಿ ಪ್ಯಾಕೆಟ್ಟು, ಪರದ ದಿನ ಒಲೆಯಿಂದ ಏಳುತ್ತಿದ್ದ ಬೂದಿ, ಎಲೆಯ ತುದಿಯಲ್ಲಿನ ಸಿಹಿ. ಸುಡುಗಾಡಲ್ಲಿ ಕೂತು ಸಿಹಿ ಬೇಡುವವನು ಇನ್ನಾರು?

"ಮೇಡಂ, ಇದು ನಮ್ಮೋನ್ದೇ," ಎಂದ.

"ಯಾರದ್ದು?"

"ಒಂದ್ ಪಾವು ಕೊಡಿ. ಪರಕ್ಕೆ."

ಅವಳು ಗಾಬರಿಯಾದಳು. ಗೋಡೌನಿನ ಬಾಗಿಲಿಗೆ ಎರಡು ಬೀಗ, ಒಂದು ಕಂಪನಿಯದು, ಇನ್ನೊಂದು ಅಬಕಾರಿ ಇಲಾಖೆಯದು. ಒಂದು ಹನಿ ಹೊರಗೆ ಹೋಗುವಂತಿಲ್ಲ. ಅವನನ್ನು ಸಮಾಧಾನಪಡಿಸಲು ಮಾತು ತಿರುಗಿಸಿದಳು: "ಹೇಗೂ ವರ್ಷಾ ವರ್ಷಾ ಪೀಪಾಯಿಂದ ಹತ್ತರಲ್ಲೊಂದು ಪಾಲು ಆವಿಯಾಗಿ ಹೋಗುತ್ತಲ್ಲ, ಅದಕ್ಕೆ ಸ್ಕಾಟ್ಲೆಂಡಿನವರು ದೇವದೂತರ ಪಾಲು ಅಂತಾರೆ. ರೆಕ್ಕೆ ಇರ್ತವಲ್ಲ, ಅವರು ಬಂದು ಕುಡೀತಾರಂತೆ."

ನಲ್ಲಪ್ಪ ಗೋಡೆಯ ಮೇಲಿನ ಗಾಳಿಕಿಂಡಿ ತೋರಿಸಿದ. "ಮೇಡಂ, ಆ ಕಿಂಡಿ ಆಚ್ಗೆ ಯಾರವ್ರೆ ಹೇಳಿ?"

ಆಚೆಗೆ ಹೊಂಗೆಮರ, ಅದರ ಕೆಳಗೆ ಮುನೇಶ್ವರ.

"ರೆಕ್ಕೆಯೋರು ಅಷ್ಟು ದೂರದಿಂದ ಆರ್ಕಂಡು ಬರೋಗಂಟ ನಮ್ಮೋನು ಕೈ ಕಟ್ಕಂಡು ಕುಂತಿರ್ತಾನಾ? ಅವ್ನು ಆಗ್ಲೇ ಕುಡೀತಾವ್ನೆ. ರುಚಿ ಕಂಡವ್ನೆ. ಅದಕ್ಕೇ ಮುನಿರಾಜನ್ ಮಾಲು ಒಪ್ತಿಲ್ಲ."

ಶ್ರೀರಂಜನಿ ಅಬಕಾರಿ ಇನ್‌ಸ್ಪೆಕ್ಟರ್ ಗದಿಗೆಪ್ಪನವರ ಹತ್ತಿರ ಹೋದಳು. ಗದಗಿನ ಕಡೆಯವರು, ನೆತ್ತಿಯಿಂದ ಹುಬ್ಬಿನವರೆಗೆ ವಿಭೂತಿ, ಮೇಜಿನ ಮೇಲೆ ಸೀಲು.

"ಪೀಪಾಯಿಂದ ಒಂದ್ ಹನಿ ಬಿಡಂಗಿಲ್ರೀ ಮೇಡಂ. ಬ್ರಹ್ಮ ಬಂದ್ ಕೇಳಿದ್ರೂ ಇಲ್ಲ," ಎಂದರು. ಸೀಲನ್ನು ಪಕ್ಕಕ್ಕೆ ಸರಿಸಿ, "ಬಾಟ್ಲಿ ತುಂಬಿ, ತೆರಿಗಿ ಕಟ್ಟಿ, ಚೀಟಿ ಹಚ್ಚಿ ಹೊರಗ ಬಂದ ಮ್ಯಾಲೆ ಅದನ್ನ ದೇವ್ರಿಗೆ ಕೊಡ್ರಿ, ದೆವ್ವಕ್ಕ ಕೊಡ್ರಿ, ನನಗ ಸಂಬಂಧ ಇಲ್ಲ," ಎಂದು ಸೇರಿಸಿದರು.

ಹಾಗೇ ಆಯಿತು. ಮುಂದಿನ ಯುಗಾದಿಗೆ ಮುಂಚೆ ಮೊದಲ ಕಂತಿನ ಬಾಟಲಿಗಳು ಹೊರಬಿದ್ದವು, ನೀರು ಬೆರೆಸದ, ಪೀಪಾಯಿಯಲ್ಲಿ ಇದ್ದಷ್ಟೇ ಖಾರದವು. ಶ್ರೀರಂಜನಿ ತನ್ನ ಹೆಸರಿನಲ್ಲಿ ಒಂದನ್ನು ಕೊಂಡು, ಊಟದ ಚೀಲದಲ್ಲಿ ಪೇಪರು ಸುತ್ತಿ ತಂದು, ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ನಲ್ಲಪ್ಪನಿಗೆ ಕೊಟ್ಟಳು. "ನಮ್ಮಮ್ಮಂಗೆ ಗೊತ್ತಾಗ್ಬಾರ್ದು," ಎಂದಳು.

ಪರದ ದಿನ ಊರು ಹಸಿದುಕೊಂಡೇ ಬಂದಿತ್ತು. ಎರಡು ವರ್ಷದ ಹಸಿವು. ಮುನಿರಾಜು ಬಿಳಿ ಪಂಚೆ ಉಟ್ಟು, ಹಣೆಗೆ ಪಟ್ಟೆ ಎಳೆದುಕೊಂಡು, ಗಂಟೆ ಹಿಡಿಯಲು ತಯಾರಾಗಿಯೇ ಬಂದಿದ್ದ. ನಲ್ಲಪ್ಪ ಬಾಟಲಿ ಬಿಚ್ಚಿದ. ಮುಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಹೋದರು.

"ಇದೇನ್ಲಾ ಪೂಜಾರಪ್ಪ, ಸಾಮಿಗೆ ಟಿಂಚರ್ ಹಚ್ತೀಯಾ?" ಎಂದಳು ಮುನಿಯಕ್ಕ.

ನಲ್ಲಪ್ಪ ಕಣ್ಣುಮುಚ್ಚಿ ಅಪ್ಪನನ್ನು ನೆನೆದು ಸ್ವಾಮಿಯ ನೆತ್ತಿಯ ಮೇಲೆ ಸುರಿದ. ಹೂ ಅಂಟಿಸಿದ. ಗಂಟೆ ಎತ್ತಿದ. ಇನ್ನೂ ಬಾರಿಸಿರಲಿಲ್ಲ, ಬಲಗಡೆಯ ಹೂ ಸರ್ರನೆ ಜಾರಿತು. ಜನ "ಓ" ಎನ್ನುವಷ್ಟರಲ್ಲಿ ಎಡಗಡೆಯದೂ ಜಾರಿತು. ಹಿಂದೆಯೇ ಎರಡು ವರ್ಷದಿಂದ ಅಂಟಿಕೊಂಡಿದ್ದ ಹಳೆಯ ಹೂಗಳು, ಒಣಗಿದ ದಳಗಳು, ಇರುವೆಗಳು, ಕಪ್ಪು ಜಿಡ್ಡಿನ ಒಂದು ಪದರ, ಎಲ್ಲ ಮೆಲ್ಲಗೆ ಹರಿದು ಪಾದದ ಹತ್ತಿರ ಗುಡ್ಡೆಯಾದವು. ಸ್ವಾಮಿಯ ಎಡಭುಜದ ನಸುಗೆಂಪು ಕಲ್ಲು ಬೆಳಕಿಗೆ ಬಂತು.

ಹೀಗೊಂದು ತೀರ್ಪು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಬಲಗಡೇದೇ ಮೊದ್ಲು ಬಿತ್ತು!" ಎಂದಳು ಬೈರಮ್ಮ.

"ಎರಡೂ ಬಿದ್ವು. ಇದು ಲೆಕ್ಕಕ್ಕಿಲ್ಲ," ಎಂದ ಮುನಿರಾಜು.

"ಎರಡೂ ಬಿದ್ರೆ ಎರಡರಷ್ಟು ಒಪ್ಪವ್ನೆ ಅಂತ. ಮಸಾಲೆ ಹಳಸ್ತಾ ಐತೆ, ಬೇಗ ಬಗೆಹರ್ಸ್ರಪ್ಪಾ!" ಎಂದು ಒಲೆಯ ಕಡೆಯಿಂದ ಯಾರೋ ಕೂಗಿದರು.

ಎಲ್ಲರೂ ಮುನಿಯಕ್ಕನ ಕಡೆ ನೋಡಿದರು. ಅವಳು ಕಟ್ಟಿಹಾಕಿದ ಮರಿಯನ್ನು ಒಮ್ಮೆ, ಬಾಟಲಿಯಲ್ಲಿ ಉಳಿದದ್ದನ್ನು ಒಮ್ಮೆ ನೋಡಿದಳು. "ಸಾಮಿ ಊಟಕ್ಕೆ ಒಪ್ಪವ್ನೆ. ಪೂಜಾರಿ ಯಾರು ಅಂತ ಏಳಿಲ್ಲ. ಇಬ್ರೂ ತೀರ್ಥ ತಗಳಿ. ಯಾವನ್ ಒಟ್ಟೇಲಿ ನಿಂತ್ಕತದೋ ಗಂಟೆ ಅವಂದು."

ಮುನಿರಾಜು ನಕ್ಕ. ದಿನಾ ರಾತ್ರಿ ಅಂಗಡಿ ಮುಚ್ಚಿ ಕುಡಿಯುವವನಿಗೆ ಇದೊಂದು ಪರೀಕ್ಷೆಯೇ? ನಲ್ಲಪ್ಪನಿಗೆ ತನ್ನ ಮೊದಲ ತೀರ್ಥ ನೆನಪಾಯಿತು. ಇದೇ ಜಾಗ, ಇದೇ ಪಾದ, ಅಂದು ನಕ್ಕ ಎಷ್ಟೋ ಮುಖಗಳು ಈಗಲೂ ಎದುರಿಗಿದ್ದವು.

"ನಾನೇ ಮೊದ್ಲು," ಎಂದು ಮುನಿರಾಜು ಉಂಗುರದ ಕೈ ಚಾಚಿದ. ಅಂಗೈ ತುಂಬ ಸುರಿಸಿಕೊಂಡು ರಮ್ಮು ಎತ್ತುವ ಹಾಗೆ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡ. ಹೊಗೆ ಒಳಗೆ ಇಳಿಯಲಿಲ್ಲ, ಮೇಲಕ್ಕೆ ಏರಿತು. ಅವನ ಕಣ್ಣು ಹೊರಬಂದವು. ಕೆಮ್ಮು ಬಂತು. ಬಾಯಲ್ಲಿದ್ದುದೆಲ್ಲ ತುಂತುರಾಗಿ ಸ್ವಾಮಿಯ ಮುಂದಿನ ದೀಪದ ಮೇಲೆ ಹಾರಿತು, ದೀಪ ಭಗ್ಗೆಂದಿತು. ಜನ "ಅಯ್ಯಯ್ಯೋ ಸಾಮೀ" ಎಂದು ಕೈಮುಗಿಯುವ ಹೊತ್ತಿಗೆ ಮುನಿರಾಜುವಿನ ಮೀಸೆಯ ಒಂದು ತುದಿ ಸುಟ್ಟು ಗುಂಗುರಾಗಿತ್ತು.

"ಥೂ, ಟಯರ್ ಸುಟ್ಟಂಗೈತೆ!" ಎಂದ. ತೀರ್ಥಕ್ಕೆ ಥೂ ಎಂದೆನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಎಲ್ಲರಿಗೂ ಕೇಳಿಯಾಗಿತ್ತು.

ನಲ್ಲಪ್ಪ ಅಂಗೈ ಒಡ್ಡಿದ. ಬೈರಮ್ಮನೇ ಬಿಟ್ಟಳು, ಸ್ವಲ್ಪವೇ. ಅವನು ಕಣ್ಣಿಗೊತ್ತಿಕೊಂಡ. ಅಲ್ಲಿಗೆ ನಿಲ್ಲಿಸುವುದು ಇಷ್ಟು ವರ್ಷದ ಅಭ್ಯಾಸ. ಕೈ ತಾನಾಗಿ ಪಕ್ಕಕ್ಕೆ ಹೊರಳಿತು. ಮತ್ತೆ ತಿರುಗಿಸಿ ಬಾಯಿಗೆ ಬಿಟ್ಟುಕೊಂಡು, ಹೊಟ್ಟೆ ಹಿಡಿದು, ವಾಂತಿಗಾಗಿ ಕಾದ.

ಬರಲಿಲ್ಲ. ಹೊಗೆ ಬಂತು, ಅದರ ಗುರುತಿತ್ತು. ದ್ರಾಕ್ಷಿ ಬಂತು, ಅದೂ ಗುರುತಿನದೇ. ನಾಲಿಗೆಗೆ ಹೊಸದಾದದ್ದು ಸ್ವಲ್ಪ ಉರಿ ಒಂದೇ. ಉಳಿದದ್ದೆಲ್ಲ ದಿನಾ ಬೆಳಗಿನಿಂದ ಸಂಜೆಯ ತನಕ ಅವನು ಎಳೆದುಕೊಂಡ ಗಾಳಿ. ನುಂಗಿದ. ನಿಂತುಕೊಂಡಿತು.

"ಎಂಗೈತ್ಲಾ?" ಎಂದಳು ಮುನಿಯಕ್ಕ.

"ಒಸದೇನಿಲ್ಲ ಕಣಕ್ಕ. ಗೋಡೌನ್ ಇದ್ದಂಗೈತೆ."

ಬೈರಮ್ಮ ಸೊಂಟಕ್ಕೆ ಕೈ ಇಟ್ಟಳು. "ಅಂಗಾರೆ ಇಷ್ಟು ವರ್ಸ ಕುಡೀದೇ ಇದ್ದೆ ಅಂತ ಏಳಿದ್ದು ಸುಳ್ಳು. ಸಾಮಿ ಪಾಲಲ್ಲಿ ನೀನೂ ಪಾಲ್ದಾರ!"

ಊರು ನಕ್ಕಿತು. ಈ ಸಲದ ನಗುವಿಗೆ ನಲ್ಲಪ್ಪನೂ ಸೇರಿಕೊಂಡ. ಮರಿ ಕಡಿದರು. ಮುನಿಯಕ್ಕ ಉಳಿದ ತೀರ್ಥವನ್ನು ಮೂಗು ಹಿಡಿದು ತೆಗೆದುಕೊಂಡು, ಟಿಂಚರೇ ಎಂದು ಖಚಿತಪಡಿಸಿ, ಇನ್ನೊಂದು ಸಲ ಕೈ ಒಡ್ಡಿದಳು. ಮುನಿರಾಜು ಮೀಸೆ ಪೂರ್ತಿ ಬೋಳಿಸಿಕೊಂಡು ಬಂದು ಊಟಕ್ಕೆ ಕೂತ. ಬೈರಮ್ಮ ಅವನ ಎಲೆಗೆ ಒಂದು ತುಂಡು ಹೆಚ್ಚಿಗೇ ಹಾಕಿದಳು.

ಎಲ್ಲರೂ ಹೋದ ಮೇಲೆ ನಲ್ಲಪ್ಪ ಸ್ವಾಮಿಯ ಪಾದದ ಹತ್ತಿರದ ಜಿಡ್ಡನ್ನು ಬಳಿದ. ಬೆರಳು ಬೆರಳಿಗೆ ಅಂಟಿತು. ಬಿಡಿಸಿದ, ಮತ್ತೆ ಅಂಟಿತು. ಮೂಸಿ ನೋಡಿದ: ಮುನಿರಾಜನ ವೈನು, ದೀಪದೆಣ್ಣೆ, ಸಾಂಬ್ರಾಣಿ. ಹೂ ಎರಡು ವರ್ಷ ಯಾಕೆ ಬೀಳಲಿಲ್ಲ ಎಂಬುದು ಬೆರಳಿನ ನಡುವೆಯೇ ಇತ್ತು. ಸ್ವಾಮಿಯ ಮುಖ ನೋಡಿದ. ಸ್ವಾಮಿ ತನಗೇನೂ ಗೊತ್ತಿಲ್ಲದವನಂತೆ ಕೂತಿದ್ದ. ಒಪ್ಪಿಗೆಯಾದ ಮೇಲೆ ತೊಳೆಯಬಹುದು ಎಂಬುದೇ ಕಟ್ಟಳೆ. ನಲ್ಲಪ್ಪ ಬಿಸಿನೀರು, ಸೀಗೆಪುಡಿ ತಂದು ಕಂಕುಳ ಸಂದಿಯವರೆಗೂ ಉಜ್ಜಿದ.

"ಮೈ ಅಂಟಂಟು ಅಂತ ಏಳಾಕೆ ಎರಡ್ ವರ್ಸ ಬೇಕಾಯ್ತಾ ನಿನಗೆ?" ಎಂದು ಬೈದುಕೊಂಡೇ ಉಜ್ಜಿದ.

ಮರುದಿನ ಗೋಡೌನಿನಲ್ಲಿ ಶ್ರೀರಂಜನಿ ಕಾಯುತ್ತಿದ್ದಳು. "ಹೇಗಿತ್ತಂತೆ ನಲ್ಲಪ್ಪ ಅವ್ರೇ? ಕೊನೇಲಿ ದ್ರಾಕ್ಷಿ ಬಂತಾ?"

"ದ್ರಾಕ್ಷಿ ಬಂತು ಮೇಡಂ," ಎಂದ ನಲ್ಲಪ್ಪ, ಪೀಪಾಯಿಗೆ ಭುಜ ಕೊಡುತ್ತ. "ಕುಡಿಯಾಕೆ ಅಷ್ಟಕ್ಕಷ್ಟೇ. ಕಲ್ಲು ತೊಳ್ಯಾಕೆ ಮಾತ್ರ ಬೋ ಚೆನ್ನಾಗೈತೆ."

ಅವಳು ಅದನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಸಂಜೆ ಹೊರಡುವ ಮುಂಚೆ ನಲ್ಲಪ್ಪ ಹೊಂಗೆಮರದ ಕಡೆಯ ಗಾಳಿಕಿಂಡಿಯಲ್ಲಿ ಕಟ್ಟಿದ್ದ ಜೇಡರ ಬಲೆಯನ್ನು ಕೋಲಿನಿಂದ ತೆಗೆದು, ದಾರಿ ಸಲೀಸು ಮಾಡಿ, ಬಸ್ಸಿಗೆ ನಡೆದ. ಪಕ್ಕದ ಸೀಟು ಎಂದಿನಂತೆ ಖಾಲಿ ಇತ್ತು. ಚೀಲದಲ್ಲಿದ್ದ ಗಂಟೆಯನ್ನು ಅದರ ಮೇಲೆ ಇಟ್ಟುಕೊಂಡ.